ನಿಮಗಿದು ಗೊತ್ತೇ? ವಚನ ಹುಡುಕಿದವರು ಬ್ಯಾಂಕನ್ನೂ ಕಟ್ಟಿದ್ದರು!

● ಓಲೆಗರಿಯಲ್ಲಿದ್ದ ವಚನಗಳನ್ನು ಅಚ್ಚಿಗೆ ತಂದ ಫ.ಗು. ಹಳಕಟ್ಟಿಯವರ ಹೆಸರು ಕೇಳದ ಕನ್ನಡಿಗರಿಲ್ಲ. ಅದೇ ಹಳಕಟ್ಟಿಯವರು ಬ್ಯಾಂಕ್ ಕಟ್ಟಿದವರು ಎಂಬುದು ಎಷ್ಟು ಜನಕ್ಕೆ ಗೊತ್ತು? ವಿಜಯಪುರದ ಶ್ರೀ ಸಿದ್ಧೇಶ್ವರ ಸಹಕಾರಿ ಬ್ಯಾಂಕ್ 1912ರಲ್ಲಿ ಹುಟ್ಟಿದ್ದು ಅವರ ಮುಂದಾಳತ್ವದಲ್ಲಿ. ‘ವಚನಶಾಸ್ತ್ರಸಾರ’ ಹೊರಬಂದದ್ದು 1923ರಲ್ಲಿ. ಲೆಕ್ಕ ಹಾಕಿದರೆ ಬ್ಯಾಂಕೇ ಪುಸ್ತಕಕ್ಕಿಂತ 11 ವರ್ಷ ಹಿರಿಯದು.

● ಹಳಕಟ್ಟಿಯವರು ಓದಿದ್ದು ಅರ್ಥಶಾಸ್ತ್ರವನ್ನಲ್ಲ, ಕಾನೂನನ್ನು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ಮುಂಬಯಿಯಲ್ಲಿ ಓದಿ, 1904ರ ಸುಮಾರಿಗೆ ಬಿಜಾಪುರಕ್ಕೆ, ಅಂದರೆ ಈಗಿನ ವಿಜಯಪುರಕ್ಕೆ, ವಕೀಲಿಕೆಗೆ ಬಂದರು. ಮಳೆ ನಂಬಿ ಬದುಕುವ ಜಿಲ್ಲೆಯ ಕೋರ್ಟಿನಲ್ಲಿ ವಕೀಲರ ಮುಂದೆ ಬಂದು ಕೂರುವ ಕಕ್ಷಿದಾರ ಯಾರು? ಸಾಲ, ಒತ್ತೆ, ಜಪ್ತಿ ಎಂದು ಅಲೆಯುವ ರೈತನೇ ಇದ್ದಾನು. ಬ್ಯಾಂಕಿನ ಯೋಚನೆ ಅಲ್ಲಿಂದಲೇ ಮೊಳೆತಿರಬೇಕು ಎಂಬುದು ನನ್ನ ಊಹೆ.

● ಆ ಹೊತ್ತಿಗೆ ಜಿಲ್ಲೆ ಒಂದು ಮಹಾಬರವನ್ನು ನೋಡಿಯಾಗಿತ್ತು. 1876ರಿಂದ 78ರ ಬರಕ್ಕೆ ಮುಂಬಯಿ ಪ್ರಾಂತ್ಯದಲ್ಲಿ ಅತಿ ಹೆಚ್ಚು ನಲುಗಿದ ಪ್ರದೇಶಗಳಲ್ಲಿ ಆಗಿನ ಕಲಾದಗಿ ಜಿಲ್ಲೆಯೂ ಒಂದು. ಬಿಜಾಪುರ ಅದರೊಳಗೇ ಇತ್ತು. 1872ರ ಜನಗಣತಿಯಲ್ಲಿ 8 ಲಕ್ಷ ದಾಟಿದ್ದ ಜಿಲ್ಲೆಯ ಜನಸಂಖ್ಯೆ 1881ರಲ್ಲಿ 6.4 ಲಕ್ಷಕ್ಕೆ ಇಳಿದಿತ್ತು. ಸತ್ತವರು, ಊರು ಬಿಟ್ಟವರು ಎಲ್ಲರೂ ಈ ಅಂತರದೊಳಗೆ ಸೇರಿದ್ದಾರೆ. ಬದುಕಿ ಉಳಿದವರಿಗೆ ಬಿತ್ತನೆಗೆ ಕಾಳು ಬೇಕು, ಎತ್ತು ಬೇಕು. ಕೈಯಲ್ಲಿ ರೊಕ್ಕವಿಲ್ಲ. ಸಾವಕಾರನ ಹೊಸ್ತಿಲು ಬಿಟ್ಟರೆ ಬೇರೆ ದಾರಿಯಿಲ್ಲ.

● ಈ ಬರಕ್ಕೆ ಒಂದು ವರ್ಷ ಮೊದಲು, 1875ರಲ್ಲಿ, ಪುಣೆ ಮತ್ತು ಅಹಮದ್‌ನಗರ ಜಿಲ್ಲೆಗಳ ರೈತರು ಸಾವಕಾರರ ಮನೆಗೆ ನುಗ್ಗಿದ್ದರು. ಅವರು ಮುಖ್ಯವಾಗಿ ಹುಡುಕಿ ಸುಟ್ಟದ್ದು ಸಾಲದ ಪತ್ರಗಳನ್ನು!

● ರೈತನ ಸಾಲದ ಕಷ್ಟಕ್ಕೆ ಕಾನೂನೊಂದೇ ಸಾಲದು, ಬ್ಯಾಂಕು ಬೇಕು ಎಂದು ಹೇಳಿದವರಲ್ಲಿ ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ ಮೊದಲಿಗರು. ಅವರೂ ವಿಲಿಯಂ ವೆಡರ್‌ಬರ್ನ್ ಎಂಬ ಅಧಿಕಾರಿಯೂ ಸೇರಿ 1880ರ ದಶಕದ ಆರಂಭದಲ್ಲಿ ಪುಣೆ ಜಿಲ್ಲೆಯ ಪುರಂದರ ತಾಲೂಕಿಗೆ ಒಂದು ಕೃಷಿ ಬ್ಯಾಂಕಿನ ಯೋಜನೆ ಹಾಕಿದರು. ಭಾರತ ಸರ್ಕಾರ ಒಪ್ಪಿತು, ಲಂಡನ್ ಒಪ್ಪಲಿಲ್ಲ. ಕಡತ ಅಲ್ಲೇ ಮಲಗಿತು.

● ಮದ್ರಾಸಿನ ಅಧಿಕಾರಿ ಫ್ರೆಡರಿಕ್ ನಿಕೋಲ್ಸನ್ ಯುರೋಪಿನ ರೈತ ಬ್ಯಾಂಕುಗಳ ಬಗ್ಗೆ 1895 ಮತ್ತು 1897ರಲ್ಲಿ ಎರಡು ದಪ್ಪ ವರದಿ ಕೊಟ್ಟರು. ಜರ್ಮನಿಯ ರೈಫೈಸನ್ ಎಂಬಾತ ಹಳ್ಳಿಯವರನ್ನೇ ಒಬ್ಬರಿಗೊಬ್ಬರು ಜಾಮೀನು ಮಾಡಿ ಸಾಲದ ಸಂಘ ಕಟ್ಟಿದ್ದ. ಅಂಥ ಒಬ್ಬ ಮನುಷ್ಯನನ್ನು ಇಲ್ಲಿಯೂ ಹುಡುಕಿ ಎಂಬುದೇ ನಿಕೋಲ್ಸನ್ ಕೊಟ್ಟ ಸಲಹೆಯ ತಿರುಳು. ಮೊದಲು ಮನುಷ್ಯ, ಕಾಯ್ದೆ ಆಮೇಲೆ. ವರದಿ ಬರೆಯುವವರಲ್ಲಿ ಇಷ್ಟು ಬುದ್ಧಿ ಅಪರೂಪ.

● ಹುಡುಕಾಟಕ್ಕೆ ಮೊದಲು ಸಿಕ್ಕವರು ಗದಗ ಸೀಮೆಯ ಕಣಗಿನಹಾಳದವರು. 1904ರ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂದ ಮರುವರ್ಷವೇ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಸಂಘ ಕಟ್ಟಿದರು. ದೇಶದ ಮೊದಲ ಕೃಷಿ ಪತ್ತಿನ ಸಂಘ ಎಂದು ಅದನ್ನು ಗುರುತಿಸುತ್ತಾರೆ. ಏಳು ವರ್ಷಕ್ಕೆ ಬಿಜಾಪುರದ ಸರದಿ ಬಂತು.

● ಹಳ್ಳಿಯ ಸಂಘಕ್ಕೂ ಪೇಟೆಯ ಬ್ಯಾಂಕಿಗೂ ಒಂದು ಮುಖ್ಯ ವ್ಯತ್ಯಾಸವಿತ್ತು. ಹಳ್ಳಿಯ ಸಂಘದಲ್ಲಿ ಸದಸ್ಯರ ಹೊಣೆಗೆ ಮಿತಿಯೇ ಇರಲಿಲ್ಲ. ಒಬ್ಬ ಕಟ್ಟದಿದ್ದರೆ ಉಳಿದವರ ಹೊಲ ಮನೆಗೂ ಸಂಚಕಾರ. ಪೇಟೆಯಲ್ಲಿ ನೇಕಾರ, ಅಂಗಡಿಕಾರ, ನೌಕರ ಇವರಿಗೆ ಒಬ್ಬರ ವ್ಯವಹಾರ ಇನ್ನೊಬ್ಬರಿಗೆ ಅಷ್ಟು ಗೊತ್ತಿರುವುದಿಲ್ಲ. ಅವರನ್ನು ಬೇರೆಯವರ ಸಾಲಕ್ಕೆಲ್ಲ ಹೊಣೆ ಮಾಡಿದರೆ ಯಾರೂ ಒಳಗೆ ಬರುವುದಿಲ್ಲ. ಅದಕ್ಕೇ ಅಲ್ಲಿ ಷೇರಿನ ಮಟ್ಟಿಗೆ ಮಾತ್ರ ಹೊಣೆ. ಪೇಟೆಯ ಬ್ಯಾಂಕಿನ ಮಾದರಿಯೂ ಜರ್ಮನಿಯದೇ, ಶುಲ್ಟ್ಸ್-ಡೆಲಿಚ್ ಎಂಬವರದು.

● ಬ್ಯಾಂಕಿಗೆ ಊರ ದೇವರು ಸಿದ್ಧೇಶ್ವರನ ಹೆಸರು. ಸಂಕ್ರಾಂತಿಗೆ ಇಡೀ ವಿಜಯಪುರ ಜಾತ್ರೆ ಮಾಡುವುದು ಇದೇ ದೇವರಿಗೆ. ಕಂತು ತಪ್ಪಿಸಿದವನು ಜಾತ್ರೆಯಲ್ಲಿ ಕೈಮುಗಿಯುವಾಗ ಒಂದು ಸಲವಾದರೂ ತಡವರಿಸಬೇಕು. ಇದಕ್ಕಿಂತ ಅಗ್ಗದ ಜಾಮೀನು ಯಾವ ಅರ್ಥಶಾಸ್ತ್ರಜ್ಞನಿಗೆ ಹೊಳೆದೀತು?

● ಊರಿಗೆ ಬ್ಯಾಂಕು ಕೊಟ್ಟವರ ಸ್ವಂತ ಲೆಕ್ಕ ಮಾತ್ರ ಯಾವತ್ತೂ ಕೂಡಿಬರಲಿಲ್ಲ. 1925ರಲ್ಲಿ ಹಿತಚಿಂತಕ ಮುದ್ರಣಾಲಯ, 1926ರಲ್ಲಿ ‘ಶಿವಾನುಭವ’, 1927ರಲ್ಲಿ ‘ನವಕರ್ನಾಟಕ’ ಪತ್ರಿಕೆ. ಅಚ್ಚಿನ ಕೆಲಸಕ್ಕಾಗಿ ಹಳಕಟ್ಟಿಯವರು ಮನೆಯನ್ನೇ ಮಾರಿದರು. ಬ್ಯಾಂಕಿನವರ ಕಣ್ಣಿನಲ್ಲಿ ನೋಡಿದರೆ ಅವರು ಸಾಲ ಕೊಡಬಾರದ ಗಿರಾಕಿ. 1964ರಲ್ಲಿ ತೀರಿಕೊಂಡರು. ಅವರು ಹುಟ್ಟಿದ ಜುಲೈ 2 ಈಗ ವಚನ ಸಾಹಿತ್ಯ ಸಂರಕ್ಷಣಾ ದಿನ. ಸಹಕಾರ ಸಪ್ತಾಹದ ಭಾಷಣಗಳಲ್ಲಿಯೂ ಅವರ ಹೆಸರು ಕೇಳಿಬಂದರೆ ಒಳ್ಳೆಯದು.

● ಹಳಕಟ್ಟಿಯವರು ಜೀವನವಿಡೀ ಹುಡುಕಿದ ವಚನಕಾರರಲ್ಲಿ ಪ್ರಮುಖರಾದ ಬಸವಣ್ಣನವರ ಉದ್ಯೋಗ ಏನು ಗೊತ್ತೇ? ಕಲಚುರಿ ಬಿಜ್ಜಳನ ಭಂಡಾರಿ. ಈಗಿನ ಮಾತಿನಲ್ಲಿ ಖಜಾನೆಯ ಮುಖ್ಯಸ್ಥ. ಬಸವನ ಬಾಗೇವಾಡಿ ಇರುವುದು ಇದೇ ಜಿಲ್ಲೆಯಲ್ಲಿ.

● ಬಿಜಾಪುರವನ್ನು ಆಳಿದ ಆದಿಲ್‌ಶಾಹಿಗಳ ಒಂದು ನಾಣ್ಯ ದುಂಡಗೂ ಇರಲಿಲ್ಲ, ಚೌಕವೂ ಅಲ್ಲ. ಬೆಳ್ಳಿಯ ತಂತಿಯನ್ನು ಹೆಂಗಸರು ಮುಡಿಗೆ ಸಿಕ್ಕಿಸುವ ಪಿನ್ನಿನ ಹಾಗೆ ಮಡಚಿ ಅದರ ಮೇಲೆ ಅಚ್ಚೊತ್ತುತ್ತಿದ್ದರು. ಹೆಸರು ಲಾರಿ. ಪರ್ಶಿಯಾದ ಲಾರ್ ಪ್ರದೇಶದಿಂದ ಬಂದ ಈ ಪದ್ಧತಿ ಅರಬ್ಬೀ ಸಮುದ್ರದ ವ್ಯಾಪಾರಕ್ಕೆ ಬೇಕಾಗಿತ್ತು. ಎರಡನೇ ಅಲಿ ಆದಿಲ್‌ಶಾಹನ ಹೆಸರಿನ ಲಾರಿಗಳು ಈಗಲೂ ನಾಣ್ಯ ಸಂಗ್ರಹಕಾರರ ಬಳಿ ಇವೆ.

● ‘ಭಿಶಿ’ ಹಾಕದ ಓಣಿ ಈ ಕಡೆ ಇದೆಯೇ? ಹತ್ತು ಹನ್ನೆರಡು ಜನ ತಿಂಗಳಿಗೆ ಇಷ್ಟು ಅಂತ ಕೂಡಿಸಿ, ಒಬ್ಬೊಬ್ಬರೇ ಸರದಿಯಲ್ಲಿ ಎತ್ತುವ ಈ ಏರ್ಪಾಡಿನ ಮೇಲೆ ಮಾನವಶಾಸ್ತ್ರಜ್ಞ ಕ್ಲಿಫರ್ಡ್ ಗೀರ್ಟ್ಸ್ 1962ರಲ್ಲಿಯೇ ಒಂದು ಹೆಸರಾಂತ ಪ್ರಬಂಧ ಬರೆದಿದ್ದಾರೆ. ಏಷ್ಯಾ, ಆಫ್ರಿಕಾಗಳ ಹಳ್ಳಿ ಪೇಟೆಗಳಲ್ಲೆಲ್ಲ ಇದು ಬೇರೆ ಬೇರೆ ಹೆಸರಲ್ಲಿದೆ. ಇಲ್ಲಿ ಜಾಮೀನು ಅಂದರೆ ಮುಖದ ಪರಿಚಯ ಅಷ್ಟೇ. ಓಣಿ ಬಿಟ್ಟು ಓಡಿದವನಿಗೆ ಮತ್ತೆ ಓಣಿಗೆ ಬರಲಾಗದು.

● ಅಂಗಡಿಗೇ ಬಂದು ರೊಕ್ಕ ಒಯ್ಯುವ ‘ಪಿಗ್ಮಿ’ ಶುರುವಾದದ್ದು ಉಡುಪಿಯಲ್ಲಿ, 1928ರಲ್ಲಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ ದಿನಕ್ಕೆ 2 ಆಣೆಯಿಂದ ಇದನ್ನು ಆರಂಭಿಸಿತು. ಪಿಗ್ಮಿ ಏಜೆಂಟರಿಗೆ ಅಂಗಡಿಕಾರನ ವ್ಯಾಪಾರದ ಏರಿಳಿತ ಮ್ಯಾನೇಜರಿಗಿಂತ ಮೊದಲೇ ಗೊತ್ತಾಗುತ್ತದೆ!

● ಸ್ವಾತಂತ್ರ್ಯ ಬಂದ ಮೇಲೆ ಸಹಕಾರ ಸಂಘಗಳು ಎಷ್ಟು ಬೆಳೆದಿದ್ದವು? ರಿಸರ್ವ್ ಬ್ಯಾಂಕ್ 1951–52ರಲ್ಲಿ ದೇಶದ 75 ಜಿಲ್ಲೆ, 600 ಹಳ್ಳಿಗಳಲ್ಲಿ ಸಮೀಕ್ಷೆ ಮಾಡಿಸಿತು. ಉತ್ತರ ನೋಡಿ ಎಲ್ಲರೂ ಬೆಚ್ಚಿದರು. ರೈತ ಪಡೆದ 100 ರೂಪಾಯಿ ಸಾಲದಲ್ಲಿ ಸಾವಕಾರರಿಂದ ಬಂದದ್ದು ಸುಮಾರು 70. ಸಹಕಾರ ಸಂಘಗಳಿಂದ 3 ರೂಪಾಯಿ ಚಿಲ್ಲರೆ ಮಾತ್ರ. ಅರ್ಧ ಶತಮಾನದ ದುಡಿಮೆಗೆ 3 ರೂಪಾಯಿ! ಈ ಸಮೀಕ್ಷೆಯ ಹೊಣೆ ಹೊತ್ತ ಗೋರವಾಲಾ ಸಮಿತಿಯ ವರದಿ ಬಂದದ್ದು 1954ರಲ್ಲಿ. ಮರುವರ್ಷವೇ ಇಂಪೀರಿಯಲ್ ಬ್ಯಾಂಕ್ ಹೋಗಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಬಂತು.

● ಆ ಸಮಿತಿಯಲ್ಲಿದ್ದವರು ಅರ್ಥಶಾಸ್ತ್ರಜ್ಞ ಧನಂಜಯರಾವ್ ಗಾಡ್ಗೀಳ್. ಪುಣೆಯ ಗೋಖಲೆ ಸಂಸ್ಥೆಯ ಮೊದಲ ನಿರ್ದೇಶಕರು. ಪುಸ್ತಕ ಬರೆದು ಸುಮ್ಮನಾದವರಲ್ಲ. ವಿಠಲರಾವ್ ವಿಖೆ ಪಾಟೀಲರ ಜೊತೆ ನಿಂತು ಪ್ರವರಾನಗರದಲ್ಲಿ ರೈತರದೇ ಸಕ್ಕರೆ ಕಾರ್ಖಾನೆ ಎಬ್ಬಿಸಿ, ಅದರ ಮೊದಲ ಅಧ್ಯಕ್ಷರೂ ಆದರು. ಆ ಮಾದರಿ ಭೀಮೆ ದಾಟಿ ಇತ್ತ ಬಂತು. ಬಬಲೇಶ್ವರ ಸೀಮೆಯ ಕೃಷ್ಣಾನಗರದ ನಂದಿ ಸಹಕಾರಿ ಸಕ್ಕರೆ ಕಾರ್ಖಾನೆ ಅದೇ ಬಳ್ಳಿಯ ಕುಡಿ. 1969ರಲ್ಲಿ ಜಿಲ್ಲೆಗೊಂದು ಬ್ಯಾಂಕ್ ಮುಂದಾಳಾಗಲಿ ಎಂಬ ‘ಲೀಡ್ ಬ್ಯಾಂಕ್’ ಪದ್ಧತಿ ಬಂದದ್ದರ ಹಿಂದೆಯೂ ಗಾಡ್ಗೀಳರ ಅಧ್ಯಯನ ತಂಡವಿತ್ತು.

● ಈಗ ಅಥಣಿ ರಸ್ತೆ ಹಿಡಿದು ತಿಕೋಟಾಕ್ಕೆ ಹೋಗೋಣ. ರಸ್ತೆ ಬದಿಗೆ ದ್ರಾಕ್ಷಿ ಪಡ, ಅಲ್ಲಲ್ಲಿ ಹಸಿರು ಪರದೆ ಕಟ್ಟಿದ ಒಣದ್ರಾಕ್ಷಿ ಶೆಡ್. ಜೋಳ ಬಿತ್ತುವವನಿಗೆ ಬೇಕಾದ ಸಾಲ ಬೇರೆ, ದ್ರಾಕ್ಷಿ ಹಾಕುವವನಿಗೆ ಬೇಕಾದ ಸಾಲ ಬೇರೆ. ಜೋಳಕ್ಕೆ ಬೀಜ, ಗೊಬ್ಬರ, ಒಂದು ಹಂಗಾಮಿನ ಖರ್ಚು. ದ್ರಾಕ್ಷಿಗೆ ಮೊದಲ ಗೊನೆ ಕಾಣುವ ಮುನ್ನವೇ ಕಬ್ಬಿಣದ ಆಂಗಲ್, ತಂತಿ, ಹನಿ ನೀರಾವರಿ, ಬೋರ್‌ವೆಲ್ ಎಲ್ಲಕ್ಕೂ ರೊಕ್ಕ ಸುರಿಯಬೇಕು. ಒಂದು ಅಕಾಲಿಕ ಮಳೆ ಸಾಕು, ವರ್ಷದ ಲೆಕ್ಕ ತಲೆಕೆಳಗು.

ಸುಮಾರು 4 ಕಿಲೋ ಹಣ್ಣು ಒಣಗಿದರೆ 1 ಕಿಲೋ ಒಣದ್ರಾಕ್ಷಿ. ನೆರಳಿನ ಶೆಡ್ಡಿನಲ್ಲಿ ಎರಡು ವಾರದ ಕೆಲಸ. ಹಸಿ ಹಣ್ಣನ್ನು ಅಂದೇ ಮಾರಬೇಕು, ಕೊಳ್ಳುವವನು ಹೇಳಿದ್ದೇ ದರ. ಒಣಗಿಸಿ ಕೋಲ್ಡ್ ಸ್ಟೋರೇಜಿಗೆ ಹಾಕಿದರೆ ರೈತ ತಿಂಗಳುಗಟ್ಟಲೆ ಕಾಯಬಹುದು, ದಾಸ್ತಾನಿನ ಮೇಲೆ ಸಾಲವನ್ನೂ ಎತ್ತಬಹುದು. ಹೊಲದ ಉತಾರದ ಜಾಗದಲ್ಲಿ ಒಣದ್ರಾಕ್ಷಿಯೇ ಜಾಮೀನು! ಆದರೆ ಬಾಡಿಗೆಯೂ ಬಡ್ಡಿಯೂ ದಿನದಿನಕ್ಕೆ ಏರುತ್ತವೆ. ದರ ಏರುತ್ತದೆಂದು ಕಾದವನ ಲಾಭವನ್ನು ಇವೆರಡೇ ತಿಂದುಹಾಕಿದರೂ ಆಶ್ಚರ್ಯವಿಲ್ಲ. ಮಾಲಿನ ದರ ನಿಲ್ಲುವುದು ಬಹುಮಟ್ಟಿಗೆ ಗಡಿಯಾಚೆ, ಸಾಂಗ್ಲಿ ಮತ್ತು ತಾಸಗಾಂವ ಪೇಟೆಗಳಲ್ಲಿ.

● ತಿಕೋಟಾ, ಬಬಲೇಶ್ವರ ಎರಡೂ 2017ರ ಬಜೆಟ್ಟಿನಲ್ಲಿ ಘೋಷಣೆಯಾದ ಹೊಸ ತಾಲೂಕುಗಳು. 2002ರಲ್ಲಿ ಅರ್ಥಶಾಸ್ತ್ರಜ್ಞ ಡಿ.ಎಂ. ನಂಜುಂಡಪ್ಪನವರ ಸಮಿತಿ ರಾಜ್ಯದ 175 ತಾಲೂಕುಗಳನ್ನು ಅಳೆದು 114 ಹಿಂದುಳಿದಿವೆ ಎಂದಾಗ ಇವೆರಡೂ ವಿಜಯಪುರ ತಾಲೂಕಿನ ಸರಾಸರಿಯಲ್ಲಿ ಕರಗಿಹೋಗಿದ್ದವು. ಗೋಳಗುಮ್ಮಟದ ಪೇಟೆಯನ್ನೂ ಬಾಬಾನಗರದ ಹೊಲವನ್ನೂ ಕೂಡಿಸಿ ಭಾಗಿಸಿದರೆ ಬರುವ ಅಂಕಿ ಎರಡು ಊರಿಗೂ ಒಪ್ಪುವುದಿಲ್ಲ. ಆಮೇಲೆ ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಮೇಲೇರಿತು. ನೀರು ಬಂದ ಹೊಲಕ್ಕೆ ಬ್ಯಾಂಕಿನಲ್ಲಿ ಸಿಗುವ ಮರ್ಯಾದೆಯೇ ಬೇರೆ.

● ಊರ ಸೊಸೈಟಿಯ ಮೂಲಕ ರೈತರಿಗೆ ಸಿಗುವ ಬಡ್ಡಿ ಇಲ್ಲದ ಅಲ್ಪಾವಧಿ ಸಾಲದ ಮಿತಿಯನ್ನು ರಾಜ್ಯ ಸರ್ಕಾರ 2023ರ ಬಜೆಟ್ಟಿನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಬಡ್ಡಿ ಇಲ್ಲ ಎಂದರೆ ಬಡ್ಡಿಯೇ ಇಲ್ಲವೆಂದಲ್ಲ. ರೈತನ ಬದಲು ಸರ್ಕಾರ ಕಟ್ಟುತ್ತದೆ. ಕಂತು ಗಡುವು ಮೀರಿದರೆ ಆ ಭಾಗ್ಯವೂ ತಪ್ಪುತ್ತದೆ.

● ಇದು ಮಾತ್ರ ಮನೆಯವರನ್ನೆಲ್ಲ ಕೂರಿಸಿ ಓದಬೇಕಾದ್ದು. ಬ್ಯಾಂಕ್ ಮುಳುಗಿದರೆ ಠೇವಣಿದಾರನಿಗೆ ವಿಮೆ ಇದೆ. 1962ರಲ್ಲಿ ಶುರುವಾದಾಗ ಮಿತಿ 1,500 ರೂಪಾಯಿ. 1993ರಲ್ಲಿ 1 ಲಕ್ಷ. ಆಮೇಲೆ 27 ವರ್ಷ ಯಾರೂ ಮುಟ್ಟಲಿಲ್ಲ; 2020ರ ಫೆಬ್ರುವರಿಯಲ್ಲಿ 5 ಲಕ್ಷವಾಯಿತು. ನಗರ ಸಹಕಾರಿ ಬ್ಯಾಂಕುಗಳಿಗೂ ಜಿಲ್ಲಾ ಕೇಂದ್ರ ಸಹಕಾರಿ (ಡಿಸಿಸಿ) ಬ್ಯಾಂಕಿಗೂ ಇದು ಅನ್ವಯ. ಆದರೆ ‘ಪತ್ತಿನ ಸಹಕಾರ ಸಂಘ’, ‘ಸೌಹಾರ್ದ ಸಹಕಾರಿ’ ಎಂಬ ಬೋರ್ಡಿನಡಿ ಇಟ್ಟ ಠೇವಣಿಗೆ ಈ ವಿಮೆ ಇಲ್ಲ. ಬಡ್ಡಿ ಒಂದು ಪೈಸೆ ಹೆಚ್ಚು ಕೊಡುತ್ತಾರೆಂದು ಓಡುವವರು ಬೋರ್ಡನ್ನು ಪೂರ್ತಿ ಓದುವುದಿಲ್ಲ.

● ಮೈದವೋಲು ನರಸಿಂಹಂ 1950ರಲ್ಲಿ ರಿಸರ್ವ್ ಬ್ಯಾಂಕಿಗೆ ಸಂಶೋಧನಾ ಅಧಿಕಾರಿಯಾಗಿ ಸೇರಿದ ಅರ್ಥಶಾಸ್ತ್ರಜ್ಞ. ಅದೇ ಬ್ಯಾಂಕಿನ ನೌಕರವರ್ಗದಿಂದ ಬಂದು ಗವರ್ನರ್ ಕುರ್ಚಿಯಲ್ಲಿ ಕೂತರು. ತಮ್ಮ ವೃತ್ತಿಯ ನೆನಪುಗಳನ್ನು ಪುಸ್ತಕವಾಗಿಯೂ ಬರೆದರು. ಅವರ ಹೆಸರು ಕೇಳಿದರೆ 1991 ಮತ್ತು 1998ರ ಬ್ಯಾಂಕಿಂಗ್ ಸುಧಾರಣೆಯ ವರದಿಗಳೇ ನೆನಪಾಗುತ್ತವೆ. ಗ್ರಾಮೀಣ ಬ್ಯಾಂಕುಗಳ ಹಿಂದಿನ ಬುದ್ಧಿಯೂ ಅವರದೇ. 1975ರ ಜುಲೈ 1ರಂದು ಸಮಿತಿ ರಚನೆ, ಅದೇ ತಿಂಗಳು ವರದಿ, ಅಕ್ಟೋಬರ್ 2ರಂದು ಮೊದಲ ಐದು ಬ್ಯಾಂಕುಗಳ ಬಾಗಿಲು ತೆರೆಯಿತು. ಸರ್ಕಾರಿ ಕಡತ ಇಷ್ಟು ಓಡಿದ್ದು ಇನ್ನೊಮ್ಮೆ ಯಾವಾಗ?

ಅವರ ಆಲೋಚನೆ ಸರಳ. ಸಹಕಾರ ಸಂಘಕ್ಕೆ ಊರಿನ ಪರಿಚಯವಿದೆ, ಬಂಡವಾಳವಿಲ್ಲ. ದೊಡ್ಡ ಬ್ಯಾಂಕಿಗೆ ಬಂಡವಾಳವಿದೆ, ಪರಿಚಯವಿಲ್ಲ. ಎರಡನ್ನೂ ಕೂಡಿಸಿ, ಒಂದೆರಡು ಜಿಲ್ಲೆಗೆ ಸೀಮಿತವಾದ, ಅಲ್ಲಿನ ಭಾಷೆ ಬಲ್ಲ ನೌಕರರ ಚಿಕ್ಕ ಬ್ಯಾಂಕ್. ಬಂಡವಾಳದಲ್ಲಿ ಕೇಂದ್ರದ ಪಾಲು 50, ರಾಜ್ಯದ್ದು 15, ಪ್ರಾಯೋಜಕ ಬ್ಯಾಂಕಿನದು 35. ಈ ಭಾಗಕ್ಕೆ ಬಿಜಾಪುರ ಗ್ರಾಮೀಣ ಬ್ಯಾಂಕ್ ಬಂತು. 2005ರಲ್ಲಿ ಅದು ಮಲಪ್ರಭಾ, ವರದಾ, ನೇತ್ರಾವತಿ ಬ್ಯಾಂಕುಗಳ ಜೊತೆ ಕೂಡಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಆಯಿತು, ಪ್ರಧಾನ ಕಚೇರಿ ಧಾರವಾಡಕ್ಕೆ ಹೋಯಿತು. 2025ರ ಮೇ 1ರಿಂದ ಇಡೀ ರಾಜ್ಯಕ್ಕೆ ಒಂದೇ ಕರ್ನಾಟಕ ಗ್ರಾಮೀಣ ಬ್ಯಾಂಕ್, ಕಚೇರಿ ಬಳ್ಳಾರಿಯಲ್ಲಿ. ಬಂಡವಾಳ ಗಟ್ಟಿಯಾಯಿತು, ಕಂಪ್ಯೂಟರು ಒಂದಾಯಿತು, ಖರ್ಚೂ ಇಳಿದೀತು. ಒಂದೆರಡು ಜಿಲ್ಲೆಯ ಬ್ಯಾಂಕ್ ಎಂಬ ಮೂಲ ಲೆಕ್ಕ ಮಾತ್ರ ಎಲ್ಲೋ ಕಳೆದುಹೋಯಿತು. ನರಸಿಂಹಂ 2021ರಲ್ಲಿ ತೀರಿಕೊಂಡಿದ್ದರು, ಕೇಳೋಣವೆಂದರೆ ಅವರಿಲ್ಲ.