ಜ್ವರ ಬಂದಾಗ ಕೋಳಿಯನ್ನೂ ವಿಚಾರಿಸಿ

2016ರ ಮೇ ತಿಂಗಳು. ಬೀದರದ ಆ ದಿನಗಳ ಬಿಸಿಲು ಹೇಗಿರುತ್ತದೆಂದು ಓದುಗರಿಗೆ ಹೇಳಬೇಕಾಗಿಲ್ಲ. ಚಿದ್ರಿಯ ನನ್ನ ದವಾಖಾನೆಗೆ ಮಧ್ಯಾಹ್ನದ ಹೊತ್ತಿಗೆ ಯುವಕನೊಬ್ಬ ಬಂದಿದ್ದ. ಮೂರು ದಿನಗಳಿಂದ ಜ್ವರ, ಗಂಟಲು ಕೆರೆತ, ಮೈಕೈ ನೋವು. ಎದೆ ಪರೀಕ್ಷಿಸಿದೆ, ತೊಂದರೆ ಕಾಣಲಿಲ್ಲ. ಪ್ಯಾರಾಸಿಟಮಾಲ್ ಬರೆದುಕೊಟ್ಟು, ನೀರು ಹೆಚ್ಚು ಕುಡಿಯಲು ಹೇಳಿ ಕಳಿಸಿದೆ. ಆತ ಬಾಗಿಲವರೆಗೆ ಹೋದವನು ತಿರುಗಿ ನಿಂತ.

"ಸಾಹೇಬ್ರ, ನಾ ಕೋಳಿ ಫಾರಂನಾಗ ಕೆಲಸಾ ಮಾಡ್ತೀನ್ರಿ. ಅಲ್ಲಿ ಕೋಳಿ ಸಾಯ್ಲಿಕತ್ತಾವ. ಅದಕ್ಕೂ ಇದಕ್ಕೂ ಏನರ ಸಂಬಂಧ ಅದ ಏನ್ರಿ?"

ನಾನು ಅವನನ್ನು ಮತ್ತೆ ಕೂರಿಸಿದೆ. ಅವನು ಏನು ಕೆಲಸ ಮಾಡುತ್ತಾನೆಂದು ನಾನು ಕೇಳಿರಲೇ ಇಲ್ಲ. ಅವನಾಗಿಯೇ ಹೇಳದಿದ್ದರೆ ನನಗೆ ತಿಳಿಯುತ್ತಲೂ ಇರಲಿಲ್ಲ. ಕೂಡಲೇ ಸರ್ಕಾರಿ ಆಸ್ಪತ್ರೆಗೆ ಕಳಿಸಿ, ಗಂಟಲ ದ್ರವದ ಮಾದರಿ ತೆಗೆಸಿದ್ದಾಯಿತು. ಹತ್ತು ದಿನ ಪ್ರತಿ ಸಂಜೆ ಅವನ ಕ್ಷೇಮ ವಿಚಾರಿಸಿದೆ. ಅದೃಷ್ಟಕ್ಕೆ ಅದು ಸಾಮಾನ್ಯ ಜ್ವರವೇ ಆಗಿತ್ತು, ಆತ ಗುಣಮುಖನಾದ. ಆದರೆ ಆ ಹತ್ತು ದಿನ ನನಗೆ ಕಲಿಸಿದ್ದನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ಮೋಳಕೇರಾದಲ್ಲಿ ನಡೆದದ್ದು

ನನ್ನ ಆತಂಕಕ್ಕೆ ಕಾರಣವಿತ್ತು. ಅದೇ ತಿಂಗಳು ನಮ್ಮ ಜಿಲ್ಲೆಯ ಹುಮನಾಬಾದ್ ತಾಲೂಕಿನ ಮೋಳಕೇರಾ ಗ್ರಾಮದ ಕೋಳಿ ಫಾರಂನಲ್ಲಿ ಕೋಳಿಗಳು ಗುಂಪುಗುಂಪಾಗಿ ಸತ್ತಿದ್ದವು. ಮಾದರಿಗಳನ್ನು ಭೋಪಾಲದ ಉನ್ನತ ಸುರಕ್ಷತೆಯ ಪಶುರೋಗ ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಎಚ್5ಎನ್1 ಎಂಬ ಹಕ್ಕಿಜ್ವರದ ವೈರಾಣು ಇರುವುದು ಖಚಿತವಾಯಿತು. ಒಂದು ಲಕ್ಷಕ್ಕೂ ಹೆಚ್ಚು ಕೋಳಿಗಳನ್ನು ಕೊಂದು ಹೂಳಬೇಕಾಯಿತು. ಇಂಥ ಸಂದರ್ಭದಲ್ಲಿ ಸುತ್ತಲಿನ ಒಂದು ಕಿಲೋಮೀಟರನ್ನು ಸೋಂಕಿತ ವಲಯವೆಂದೂ ಹತ್ತು ಕಿಲೋಮೀಟರ್‌ವರೆಗೆ ನಿಗಾ ವಲಯವೆಂದೂ ಪರಿಗಣಿಸುತ್ತಾರೆ.

ದೇಶದಲ್ಲಿ ಈ ರೋಗ ಕೋಳಿಗಳಲ್ಲಿ ಮೊದಲು ಕಂಡದ್ದು 2006ರಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. ಕರ್ನಾಟಕದಲ್ಲಿ 2012ರಲ್ಲಿ ಬೆಂಗಳೂರಿನ ಹೆಸರಘಟ್ಟದ ಕೋಳಿ ಅಭಿವೃದ್ಧಿ ಕೇಂದ್ರದ ಟರ್ಕಿ ಕೋಳಿಗಳಿಗೆ ತಗುಲಿತ್ತು. ಮೋಳಕೇರಾದ ನಂತರ ಇದು ದೂರದ ಊರಿನ ಸುದ್ದಿಯಾಗಿ ಉಳಿಯಲಿಲ್ಲ.

ವೈರಾಣುವಿನ ತವರು

ಇನ್ಫ್ಲುಯೆಂಜಾ ವೈರಾಣುವಿನ ತವರುಮನೆ ಮನುಷ್ಯನಲ್ಲ, ಕೋಳಿಯೂ ಅಲ್ಲ. ಕಾಡುಬಾತು, ಹೆಬ್ಬಾತು ಮೊದಲಾದ ನೀರುಹಕ್ಕಿಗಳ ಕರುಳಿನಲ್ಲಿ ಇದರ ಅನೇಕ ಬಗೆಗಳು ಹಕ್ಕಿಗೆ ಹೆಚ್ಚಿನ ತೊಂದರೆ ಕೊಡದೆ ಬಾಳುತ್ತವೆ. ಹಿಕ್ಕೆಯ ಮೂಲಕ ಕೆರೆಯ ನೀರಿಗೆ ಸೇರಿ ಮತ್ತೊಂದು ಹಕ್ಕಿಗೆ ದಾಟುತ್ತವೆ. ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆಯ ಹೆಬ್ಬಾತುಗಳನ್ನು ಹಲವರು ನೋಡಿರಬಹುದು. 2005ರಲ್ಲಿ ಚೀನಾದ ಚಿಂಗ್ಹಾಯ್ ಸರೋವರದಲ್ಲಿ ಎಚ್5ಎನ್1ನಿಂದ ಸಾವಿರಾರು ಕಾಡುಹಕ್ಕಿಗಳು ಸತ್ತಾಗ, ಅವುಗಳಲ್ಲಿ ಈ ಜಾತಿಯವೂ ಇದ್ದವು. ಅಂದಿನಿಂದ ವಿಜ್ಞಾನಿಗಳು ಹಿಕ್ಕೆಯ ಮಾದರಿ ಸಂಗ್ರಹಿಸಿ, ಹಕ್ಕಿಗಳಿಗೆ ಉಪಗ್ರಹ ಸಂಕೇತ ಕಳಿಸುವ ಸಾಧನ ಕಟ್ಟಿ, ಅವುಗಳ ದಾರಿಯನ್ನು ಹೆಚ್ಚು ಎಚ್ಚರದಿಂದ ಗುರುತಿಸುತ್ತಿದ್ದಾರೆ.

ಹಾಗೆಂದು ಎಲ್ಲ ತಪ್ಪನ್ನೂ ಹಕ್ಕಿಯ ಮೇಲೆ ಹೊರಿಸುವುದು ಸರಿಯಲ್ಲ. ಒಂದು ಫಾರಂನಿಂದ ಇನ್ನೊಂದಕ್ಕೆ ವೈರಾಣುವನ್ನು ಒಯ್ಯುವುದು ಬಹಳ ಸಲ ನಮ್ಮದೇ ಪಂಜರ, ಮೊಟ್ಟೆಯ ಟ್ರೇ, ಗಾಡಿಯ ಚಕ್ರ ಮತ್ತು ಕಾಲಿನ ಚಪ್ಪಲಿ.

ಬೀಗ ಮತ್ತು ಕೀಲಿಕೈ

ಕೋಳಿಯ ವೈರಾಣು ಮನುಷ್ಯನಿಗೆ ಸುಲಭವಾಗಿ ಏಕೆ ಹರಡುವುದಿಲ್ಲ? ಪ್ರತಿ ಜೀವಕೋಶದ ಹೊರಗೆ ವೈರಾಣು ಅಂಟಿಕೊಳ್ಳುವ ಒಂದು ತಾಣವಿದೆ. ಅದನ್ನು ಬೀಗವೆಂದುಕೊಳ್ಳಿ. ಹಕ್ಕಿಗಳ ಬೀಗ ಒಂದು ಬಗೆ, ನಮ್ಮ ಮೂಗು-ಗಂಟಲಿನ ಬೀಗ ಇನ್ನೊಂದು ಬಗೆ. ಹಕ್ಕಿ ವೈರಾಣುವಿನ ಕೀಲಿಕೈ ನಮ್ಮ ಗಂಟಲಿನ ಬೀಗಕ್ಕೆ ಸರಿಯಾಗಿ ಕೂರುವುದಿಲ್ಲ. ಆದರೆ ಹಕ್ಕಿಯ ಬಗೆಯ ಬೀಗಗಳು ನಮ್ಮ ಶ್ವಾಸಕೋಶದ ಆಳದಲ್ಲಿ ಇವೆ. ಆದ್ದರಿಂದಲೇ ಈ ಸೋಂಕು ಮನುಷ್ಯನಿಗೆ ತಗುಲುವುದು ಅಪರೂಪ, ತಗುಲಿದರೆ ನ್ಯುಮೋನಿಯಾ ತೀವ್ರವಾಗುವ ಅಪಾಯ ಹೆಚ್ಚು.

ಹಂದಿಯಲ್ಲಿ ಎರಡೂ ಬಗೆಯ ಬೀಗಗಳಿವೆ. ಈ ವೈರಾಣುವಿನ ವಂಶವಾಹಿ ಎಂಟು ತುಂಡುಗಳಲ್ಲಿರುತ್ತದೆ. ಒಂದೇ ಪ್ರಾಣಿಗೆ ಏಕಕಾಲಕ್ಕೆ ಎರಡು ವೈರಾಣು ಹೊಕ್ಕರೆ ಈ ತುಂಡುಗಳು ಇಸ್ಪೀಟು ಎಲೆಗಳಂತೆ ಕಲೆತು ಹೊಸದೊಂದು ವೈರಾಣು ಹುಟ್ಟಬಹುದು. 1957 ಮತ್ತು 1968ರ ಜಾಗತಿಕ ಫ್ಲೂ ಪಿಡುಗುಗಳ ವೈರಾಣುಗಳಲ್ಲಿ ಹಕ್ಕಿಯಿಂದ ಬಂದ ತುಂಡುಗಳಿದ್ದವು. 2009ರ ಎಚ್1ಎನ್1 ಹಂದಿಗಳಿಂದ ಬಂದದ್ದು. ಅದು ಮನುಷ್ಯರಿಂದ ಮನುಷ್ಯರಿಗೆ ಸರಾಗವಾಗಿ ಹರಡಿತು. ಆ ವರ್ಷದ ಮೇ ತಿಂಗಳಲ್ಲಿ ಭಾರತದ ಮೊದಲ ಪ್ರಕರಣ ಪತ್ತೆಯಾದದ್ದು ನಮ್ಮ ನೆರೆಯ ಹೈದರಾಬಾದಿನಲ್ಲಿ.

ಒಂದು ಸೀನಿನ ಪಾಠ

ಪ್ರಾಣಿಯಿಂದ ಮನುಷ್ಯನಿಗೆ ಫ್ಲೂ ದಾಟುವ ವಿಷಯದಲ್ಲಿ ಒಂದು ಹಳೆಯ ಪ್ರಸಂಗ ಸ್ವಾರಸ್ಯಕರವಾಗಿದೆ. 1931ರಲ್ಲಿ ಅಮೆರಿಕದ ರಿಚರ್ಡ್ ಶೋಪ್ ಹಂದಿಗಳ ಫ್ಲೂಗೆ ವೈರಾಣು ಕಾರಣವೆಂದು ತೋರಿಸಿದರು. 1933ರಲ್ಲಿ ಲಂಡನ್ನಿನ ವಿಜ್ಞಾನಿಗಳು ಮನುಷ್ಯರ ಫ್ಲೂ ವೈರಾಣುವನ್ನು, ಮುಂಗುಸಿಯಂತೆ ಕಾಣುವ ಫೆರೆಟ್ ಎಂಬ ಪ್ರಾಣಿಯ ನೆರವಿನಿಂದ ಪತ್ತೆ ಮಾಡಿದರು. ಮುಂದೆ ಇಂಥ ಸೋಂಕಿತ ಫೆರೆಟ್ ಒಂದು ಸ್ಟುವರ್ಟ್-ಹ್ಯಾರಿಸ್ ಎಂಬ ಯುವ ಸಂಶೋಧಕರ ಮುಖಕ್ಕೇ ಸೀನಿತು. ಅವರು ಫ್ಲೂನಿಂದ ಮಲಗಿದರು! ಪ್ರಾಣಿಯಿಂದ ಮನುಷ್ಯನಿಗೆ ಸೋಂಕು ದಾಟಿದ ಈ ಘಟನೆಯನ್ನು 1936ರಲ್ಲಿ ಪ್ರಕಟಿಸಿದರು. ವೈರಾಣುವೊಂದು ಸೀನಿನ ಮೂಲಕ ಹರಡಬಲ್ಲದೇ ಎಂದು ತಿಳಿಯಲು ಇಂದಿಗೂ ಫೆರೆಟ್‌ಗಳನ್ನೇ ಬಳಸುತ್ತಾರೆ.

1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಎಚ್5ಎನ್1 ಕೋಳಿಗಳಿಂದ 18 ಜನರಿಗೆ ತಗುಲಿ 6 ಜನ ಸತ್ತರು. 2003ರಿಂದೀಚೆಗೆ ಜಗತ್ತಿನಲ್ಲಿ 900ಕ್ಕೂ ಹೆಚ್ಚು ಮಾನವ ಪ್ರಕರಣಗಳು ದಾಖಲಾಗಿದ್ದು, ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಬದುಕುಳಿಯಲಿಲ್ಲ. ಭಾರತದಲ್ಲಿ ಇಂಥ ಮೊದಲ ಸಾವು 2021ರಲ್ಲಿ ವರದಿಯಾಯಿತು. 2025ರಲ್ಲಿ ಆಂಧ್ರಪ್ರದೇಶದ ಪಲ್ನಾಡು ಜಿಲ್ಲೆಯ ಎರಡು ವರ್ಷದ ಮಗುವೊಂದು ಇದೇ ವೈರಾಣುವಿಗೆ ಬಲಿಯಾಯಿತು. ಮಗು ಹಸಿ ಕೋಳಿಮಾಂಸದ ಚೂರನ್ನು ತಿಂದಿತ್ತೆಂದು ಮನೆಯವರು ಹೇಳಿದ್ದಾಗಿ ವರದಿಗಳು ತಿಳಿಸಿದವು.

ಇನ್ನೊಂದು ಉದಾಹರಣೆ ಗಮನಾರ್ಹ. 2019ರಲ್ಲಿ ಮಹಾರಾಷ್ಟ್ರದ ಮೇಳಘಾಟದಲ್ಲಿ 17 ತಿಂಗಳ ಮಗುವಿಗೆ ಎಚ್9ಎನ್2 ಎಂಬ ಮತ್ತೊಂದು ಹಕ್ಕಿ ವೈರಾಣು ತಗುಲಿತ್ತು. ಮಗು ಚೇತರಿಸಿಕೊಂಡಿತು. ಪುಣೆಯ ವಿಜ್ಞಾನಿಗಳು ಬೇರೊಂದು ಶ್ವಾಸಕೋಶ ಸೋಂಕಿನ ಅಧ್ಯಯನಕ್ಕಾಗಿ ಮಾದರಿ ತೆಗೆದಿದ್ದರಿಂದ ಮಾತ್ರ ಅದು ತಿಳಿಯಿತು. ಇಲ್ಲದಿದ್ದರೆ ಅದು ಸಾದಾ ನೆಗಡಿಯೆಂದೇ ಹೋಗುತ್ತಿತ್ತು, ನನ್ನ ಆ ರೋಗಿಯ ಜ್ವರದಂತೆ. ಯಾರೂ ಕೇಳದಿದ್ದರೆ ಯಾವುದೂ ಪತ್ತೆಯಾಗುವುದಿಲ್ಲ.

ಮನೆಯವರು ಏನು ಮಾಡಬೇಕು?

ಕೋಳಿ, ಮೊಟ್ಟೆ ತಿನ್ನುವುದನ್ನು ಬಿಡಬೇಕಾಗಿಲ್ಲ. ಒಳಗಿನವರೆಗೆ ಚೆನ್ನಾಗಿ ಬೆಂದರೆ, ಅಂದರೆ 70 ಡಿಗ್ರಿ ಸೆಲ್ಸಿಯಸ್ ಶಾಖ ತಲುಪಿದರೆ, ವೈರಾಣು ಸಾಯುತ್ತದೆ. ಅಪಾಯವಿರುವುದು ಹಸಿ ಮಾಂಸವನ್ನು ಮುಟ್ಟಿ ತೊಳೆಯದ ಕೈಯಲ್ಲಿ. ಹಸಿ ಮಾಂಸ ಕತ್ತರಿಸಿದ ಈಳಿಗೆಯನ್ನು ತೊಳೆಯದೆ ಈರುಳ್ಳಿ ಹೆಚ್ಚಬೇಡಿ. ಮಕ್ಕಳ ಕೈಗೆ ಹಸಿ ಚೂರು ಸಿಗದಂತೆ ನೋಡಿಕೊಳ್ಳಿ. 2024ರಲ್ಲಿ ಅಮೆರಿಕದ ಹಸುಗಳ ಹಾಲಿನಲ್ಲೂ ಎಚ್5ಎನ್1 ಕಂಡಿತು. ಹಾಲು ಕಾಯಿಸಿ ಕುಡಿಯುವ ನಮ್ಮ ಹಿರಿಯರ ರೂಢಿಯೇ ಇದಕ್ಕೆ ತಕ್ಕ ರಕ್ಷಣೆ.

ಸತ್ತ ಕೋಳಿ, ಕಾಗೆಗಳನ್ನು ಬರಿಗೈಯಿಂದ ಎತ್ತಬೇಡಿ. ಜವಾರಿ ಕೋಳಿಗಳು ಒಟ್ಟಿಗೆ ಸತ್ತರೆ ಕೂಡಲೇ ದನದ ದವಾಖಾನೆಗೆ ತಿಳಿಸಿ. ತಿಳಿಸಿದರೆ ಉಳಿದವನ್ನೂ ಕೊಲ್ಲುತ್ತಾರೆಂಬ ಭಯದಿಂದ ಮುಚ್ಚಿಡುವವರಿದ್ದಾರೆ. ಅಧಿಕಾರಿಗಳು ಕೊಂದ ಕೋಳಿಗೆ ಪರಿಹಾರವಿದೆ, ತಾನಾಗಿ ಸತ್ತದ್ದಕ್ಕೆ ಇಲ್ಲ. ಆದ್ದರಿಂದ ಬೇಗ ತಿಳಿಸಿದವರಿಗೇ ಲಾಭ.

ಫಾರಂ ಅಥವಾ ಮಾಂಸದ ಅಂಗಡಿಯಲ್ಲಿ ದುಡಿಯುವವರು, ಹಂದಿ ಸಾಕುವವರು ಜ್ವರ ಬಂದಾಗ ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಒಸೆಲ್ಟಾಮಿವಿರ್ ಎಂಬ ಔಷಧಿಯನ್ನು ಎರಡು ದಿನಗಳೊಳಗೆ ಆರಂಭಿಸಿದರೆ ಪರಿಣಾಮ ಹೆಚ್ಚು. ಇದನ್ನು ವೈದ್ಯರ ಸಲಹೆಯಿಲ್ಲದೆ ತೆಗೆದುಕೊಳ್ಳಬಾರದು. ಕೆಮ್ಮು, ನೆಗಡಿ ಇದ್ದವರು ಗುಣವಾಗುವವರೆಗೆ ಕೋಳಿ, ಹಂದಿಗಳ ಬಳಿ ಹೋಗದಿರುವುದು ಒಳ್ಳೆಯದು. ಏಕೆಂದರೆ ಸೋಂಕು ನಮ್ಮಿಂದ ಅವಕ್ಕೂ ದಾಟುತ್ತದೆ.

ಮನುಷ್ಯರ ವೈದ್ಯರಿಗೂ ಪಶುವೈದ್ಯರಿಗೂ ಮಾತುಕತೆ ಇರಬೇಕು. ವೈದ್ಯಕೀಯ ಕಾಲೇಜೂ, ನಂದಿನಗರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೂ ಇರುವ ಬೀದರಕ್ಕೆ ಇದು ಕಷ್ಟವಾಗಬಾರದು.

ಈಗ ಜ್ವರವೆಂದು ಬಂದ ಪ್ರತಿಯೊಬ್ಬರನ್ನೂ, "ಮನ್ಯಾಗ ಕೋಳಿ, ಹಂದಿ, ದನಾ ಏನರ ಅವ ಏನ್ರಿ?" ಎಂದು ಕೇಳುತ್ತೇನೆ. "ಸಾಹೇಬ್ರು ದನದ ಡಾಕ್ಟರ್ ಆಗ್ಯಾರ" ಎಂದು ಕೆಲವರು ನಗುತ್ತಾರೆ. ನಗಲಿ. ನಿಮ್ಮ ವೈದ್ಯರು ಈ ಪ್ರಶ್ನೆಯನ್ನು ಕೇಳದಿದ್ದರೆ, ಆ ಯುವಕನಂತೆ ನೀವೇ ಬಾಗಿಲಲ್ಲಿ ತಿರುಗಿ ನಿಂತು ಹೇಳಿ.