ನಿಮಗಿದು ಗೊತ್ತೇ? ಬಂದೂಕಿನ ದುರ್ಬೀನು, ಎರಿ ಹೊಲದ ಚಿಗರಿ

ರೈಫಲ್ ಮೇಲೆ ದುರ್ಬೀನನ್ನು ಹಿಡಿದು ಕೂರಿಸುವ ಜೋಡಿ ಬಳೆಗಳಿಗೆ ‘ಮೌಂಟ್’ ಎನ್ನುತ್ತಾರೆ. ದುರ್ಬೀನು ಎಷ್ಟೇ ದುಬಾರಿಯದಾದರೂ ಗುರಿ ನಿಲ್ಲುವುದು ಈ ಬಳೆಗಳ ಬಿಗಿಯ ಮೇಲೆ. ಎರಡರ ನಡುವೆ 10 ಸೆಂ.ಮೀ. ಅಂತರವಿದ್ದು, ಒಂದು ಬಳೆ ಬರೀ 0.1 ಮಿ.ಮೀ. ಪಕ್ಕಕ್ಕೆ ಸರಿಯಿತು ಎನ್ನಿ. ಒಂದು ಹಾಳೆಯ ದಪ್ಪ, ಅಷ್ಟೇ. 100 ಮೀಟರ್ ದೂರದಲ್ಲಿ ಗುಂಡು 10 ಸೆಂ.ಮೀ. ಪಕ್ಕಕ್ಕೆ ಹೋಗುತ್ತದೆ!

ಉಕ್ಕಿನಲ್ಲಿ 150 ಗ್ರಾಂ ತೂಗುವ ಮೌಂಟ್, ಅದೇ ಅಳತೆಯಲ್ಲಿ ಅಲ್ಯುಮಿನಿಯಂನದಾದರೆ ಸುಮಾರು 53 ಗ್ರಾಂ. ಹೊರುವವನ ಹೆಗಲಿಗೆ ಹಗುರ. ಆದರೆ ಅಲ್ಯುಮಿನಿಯಂ ಮೆದು. ಸ್ಕ್ರೂ ಅತಿಯಾಗಿ ತಿರುಗಿಸಿದರೆ ಮರೆ ಸವೆದುಹೋಗುತ್ತದೆ. ಟ್ರ್ಯಾಕ್ಟರ್ ಗಾಲಿಯ ನಟ್ಟುಗಳನ್ನು ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಬಿಗಿಯುತ್ತೇವಲ್ಲ, ಇಲ್ಲಿಯೂ ಅದೇ ಕ್ರಮ.

ಸ್ಪ್ರಿಂಗ್ ಏರ್‌ಗನ್ ಎರಡು ಸಲ ಒದೆಯುತ್ತದೆ: ಮೊದಲು ಹಿಂದಕ್ಕೆ, ಮರುಕ್ಷಣವೇ ಮುಂದಕ್ಕೆ. ಆದ್ದರಿಂದಲೇ ದೊಡ್ಡ ರೈಫಲ್ ಮೇಲೆ ಅಲುಗದ ದುರ್ಬೀನು ಸಣ್ಣ ಏರ್‌ಗನ್ ಮೇಲೆ ಜಾರುವುದುಂಟು.

ಬಂದೂಕಿಗೆ ದುರ್ಬೀನು ಕಟ್ಟಿದ ಮೊದಲಿಗರಲ್ಲಿ ಬ್ರಿಟಿಷರ ಮುಂಬಯಿ ಸೈನ್ಯದ ಅಧಿಕಾರಿ ಡೇವಿಡ್ಸನ್ ಒಬ್ಬ. ಅವನ ದುರ್ಬೀನನ್ನು ಬಂದೂಕಿನ ನೆತ್ತಿಗಲ್ಲ, ಎಡಮಗ್ಗುಲಿಗೆ ಕೂರಿಸುತ್ತಿದ್ದರು.

ಒಲಿಂಪಿಕ್ಸ್‌ನ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ದುರ್ಬೀನಿಗೆ ಅವಕಾಶವೇ ಇಲ್ಲ. ಆದರೂ ಗುರಿಹಲಗೆಯಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಬರೀ ಅರ್ಧ ಮಿ.ಮೀ.

ನಮ್ಮ ಉತ್ತರ ಕರ್ನಾಟಕ ಸೀಮೆಗೆ ಬಂದೂಕಿನ ನೆನಪು ದೊಡ್ಡದು. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಿ ಎಂದಾಗ ಮುಧೋಳ ಬಳಿಯ ಹಲಗಲಿ ಬೇಡರು ಒಪ್ಪಲಿಲ್ಲ, ಕಾದಾಡಿದರು, ಹಲವರು ಮಡಿದರು. ಅವರಿಗೆ ಆಯುಧವೇ ಬದುಕಾಗಿತ್ತು. ಇಂದು ಅದೇ ಮಾತು ಹೇಳಿ ಚಿಗರಿಗೆ ಗುರಿಯಿಡುವುದು ನ್ಯಾಯವಲ್ಲ.

ಏಕೆಂದರೆ ಚಿಗರಿ, ಅಂದರೆ ಕೃಷ್ಣಮೃಗ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಬೇಟೆಯಾಡಿದರೆ 3ರಿಂದ 7 ವರ್ಷ ಸೆರೆ, ಜೊತೆಗೆ ದಂಡ. ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿಯ ಎರಿ ಹೊಲಗಳಲ್ಲಿ ನಸುಕಿಗೆ ನಿಂತು ನೋಡಿ: ಇಬ್ಬನಿ ಕೂತ ಕಡಲೆಗಿಡದ ಎಳೆ ಕುಡಿಯನ್ನಷ್ಟೇ ಚಿವುಟುತ್ತಾ ಹೆಣ್ಣು ಚಿಗರಿಗಳು ಸಾಲಾಗಿ ಸಾಗುತ್ತವೆ, ತಿರುಚು ಕೊಂಬಿನ ಕಪ್ಪು ಗಂಡು ಬದುವಿನ ಮೇಲೆ ತಲೆಯೆತ್ತಿ ನಿಂತಿರುತ್ತದೆ. ರೈತನಿಗೆ ಆಗುವ ನಷ್ಟ ನಿಜ, ಬಿತ್ತಿದವನ ಸಂಕಟವೂ ನಿಜ. ಆದರೂ ಆ ನೋಟಕ್ಕೆ ಬೇಕಾದ್ದು ಕೊರಳಿಗೆ ನೇತುಹಾಕುವ ದುರ್ಬೀನು, ಬಂದೂಕಿನದಲ್ಲ.

‘ಏರ್‌ಗನ್‌ಗೆ ಲೈಸೆನ್ಸ್ ಬೇಡ, ಹೊಡೆದರೆ ತಪ್ಪೇನು?’ ಎನ್ನುವವರಿದ್ದಾರೆ. 4.5 ಮಿ.ಮೀ. ನಳಿಗೆಯ, 20 ಜೂಲ್ ಮೀರದ ಏರ್‌ಗನ್‌ಗೆ ಪರವಾನಗಿ ಬೇಡ, ನಿಜ. ಆದರೆ ಬೇಟೆ ಯಾವ ಆಯುಧದಿಂದ ಆಡಿದರೂ ಬೇಟೆಯೇ. ಬೆಳೆ ರಕ್ಷಣೆಗೆಂದು ಪಡೆದ ಬಂದೂಕಿನ ಪರವಾನಗಿಯೂ ಬೇಟೆಯ ಅನುಮತಿಯಲ್ಲ. ಕಲಘಟಗಿ ಕಡೆಯ ಗೋವಿನಜೋಳ ಹಾಳುಮಾಡುವ ಕಾಡುಹಂದಿಗೂ ಈ ಮಾತು ಅನ್ವಯ; ಅರಣ್ಯ ಇಲಾಖೆಯ ಲಿಖಿತ ಆದೇಶವಿಲ್ಲದೆ ಕೊಲ್ಲುವಂತಿಲ್ಲ.

ಬೆಳೆ ಹಾನಿಯಾದರೆ ಹೊಲದ ಫೋಟೋ ತೆಗೆದಿಡಿ, ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಿ. ಸಹಾಯವಾಣಿ ಸಂಖ್ಯೆ 1926.