ನಮ್ಮೂರ ವೈದ್ಯರನ್ನು ಎಣಿಸುವ ಬಗೆ

ರೋಗವು ಹೇಳಿ ಕೇಳಿ ಬರುವುದಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ, ಆ ಜ್ವರವು ಘಟ್ಟದ ಸೀಮೆಯನ್ನು ದಶಕಗಳ ಕಾಲ ಕಾಡೀತೆಂದು ಯಾರೂ ಭಾವಿಸಿರಲಿಲ್ಲ. 2024ರ ಆರಂಭದಲ್ಲಿ ಅದೇ ಮಂಗನ ಕಾಯಿಲೆ ನಮ್ಮ ಜಿಲ್ಲೆಯ ಸಿದ್ದಾಪುರದಲ್ಲಿ ಕಾಣಿಸಿಕೊಂಡಿತು. ನಾಳೆ ಇಂತಹ ವಿಪತ್ತು ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ಬಾಗಿಲು ತಟ್ಟಿದರೆ ನಮಗೆ ಎಷ್ಟು ಮಂದಿ ವೈದ್ಯರು ಒದಗಿಯಾರು?

2022ರಲ್ಲಿ ಕೇಂದ್ರ ಸರ್ಕಾರವು ದೇಶದಲ್ಲಿ 834 ಜನರಿಗೆ ಒಬ್ಬ ವೈದ್ಯರಿದ್ದಾರೆಂದು ಸಂಸತ್ತಿಗೆ ತಿಳಿಸಿತು. ಸಾವಿರ ಜನರಿಗೆ ಒಬ್ಬರೆಂಬ ಅಳತೆಗಿಂತ ಇದು ಮೇಲು. ಆದರೆ ನೋಂದಾಯಿತ ಅಲೋಪಥಿ ವೈದ್ಯರಲ್ಲಿ ಶೇಕಡ 80 ಮಂದಿ ಸೇವೆಗೆ ಲಭ್ಯರೆಂದು ಊಹಿಸಿ, ಆಯುರ್ವೇದಾದಿ ಪದ್ಧತಿಗಳ 5.65 ಲಕ್ಷ ವೈದ್ಯರನ್ನೂ ಕೂಡಿಸಿ ಪಡೆದ ಸಂಖ್ಯೆಯದು. ನಿವೃತ್ತರು, ಪರದೇಶಕ್ಕೆ ತೆರಳಿದವರು, ನಗರಗಳಲ್ಲಿ ನೆಲೆಸಿದವರು ಎಲ್ಲರ ಹೆಸರೂ ನೋಂದಣಿ ಪುಸ್ತಕದಲ್ಲಿ ಇರಬಹುದು. ರೋಗಿಯ ಬಳಿ ಅವರು ಇರುವುದಿಲ್ಲ.

2011ರ ಜನಗಣತಿಯಂತೆ ಜೋಯಿಡಾ ತಾಲ್ಲೂಕಿನ ಜನಸಂಖ್ಯೆ ಸುಮಾರು 52 ಸಾವಿರ. ಮೇಲಿನ ಸರಾಸರಿಯಂತೆ ಅಲ್ಲಿ 60ಕ್ಕೂ ಹೆಚ್ಚು ವೈದ್ಯರಿರಬೇಕು. ಕಾಡಿನ ನಡುವೆ ಚದುರಿದ ಆ ಊರುಗಳಲ್ಲಿ ಅಷ್ಟು ಮಂದಿಯನ್ನು ಕಂಡವರಾರು? ಜಿಲ್ಲೆಯ ಸರಾಸರಿಯೂ ನಮ್ಮ ಕೊರತೆಯನ್ನು ಮರೆಮಾಚುತ್ತದೆ. ಕಾರವಾರದಲ್ಲಿ 2013ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು, ನಿಜ. ಆದರೆ ಹಳಿಯಾಳ, ಮುಂಡಗೋಡಗಳ ರೋಗಿಗೆ ಹುಬ್ಬಳ್ಳಿಯೇ ಹತ್ತಿರ.

ಸರಿಯಾದ ಎಣಿಕೆ ಗಂಟೆಗಳಿಂದ ಆರಂಭವಾಗಬೇಕು. ವಾರಕ್ಕೆ 168 ಗಂಟೆಗಳು. ಒಬ್ಬ ವೈದ್ಯರು 48 ಗಂಟೆ ದುಡಿದರೂ, ಆಸ್ಪತ್ರೆಯಲ್ಲಿ ಹಗಲಿರುಳು ಒಬ್ಬರು ಇರಬೇಕಾದರೆ ನಾಲ್ವರು ಬೇಕು. ಸಾಂಕ್ರಾಮಿಕ ರೋಗದ ಕಾಲದಲ್ಲಿ ವೈದ್ಯರೇ ಹಾಸಿಗೆ ಹಿಡಿಯುವುದನ್ನು 2020 ಮತ್ತು 2021ರಲ್ಲಿ ನಾವು ಕಂಡಿದ್ದೇವೆ. ಒಬ್ಬರೇ ವೈದ್ಯರಿರುವ ಕೇಂದ್ರದಲ್ಲಿ ಅವರೂ ಮಲಗಿದರೆ ಗತಿಯೇನು? ಆದುದರಿಂದಲೇ ವಿಶ್ವ ಆರೋಗ್ಯ ಸಂಸ್ಥೆಯು ರೂಪಿಸಿದ ವಿಧಾನವೊಂದು ಜನಸಂಖ್ಯೆಯ ಬದಲು ಕೆಲಸದ ಹೊರೆಯನ್ನು ಅಳೆಯುತ್ತದೆ: ವರ್ಷದ ರೋಗಿಗಳಿಗೆ ಎಷ್ಟು ಗಂಟೆ ಬೇಕು, ರಜೆ, ತರಬೇತಿಗಳನ್ನು ಕಳೆದ ಮೇಲೆ ಒಬ್ಬ ವೈದ್ಯರಿಂದ ಎಷ್ಟು ಗಂಟೆ ದೊರೆಯುತ್ತದೆ ಎಂದು.

ಇದು ಅಧಿಕಾರಿಗಳ ಕೆಲಸವೆಂದು ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಗ್ರಾಮಸಭೆಯಲ್ಲಿ, ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿ ನಾವು ಕೇಳಬಹುದಾದ ಪ್ರಶ್ನೆಗಳು ಸರಳವಾಗಿವೆ. ಮಂಜೂರಾದ ಹುದ್ದೆಗಳೆಷ್ಟು? ಭರ್ತಿಯಾದವು ಎಷ್ಟು? ರಾತ್ರಿ ಯಾರಿರುತ್ತಾರೆ? ಅವರು ರಜೆಯಲ್ಲಿದ್ದರೆ ಬರುವವರು ಯಾರು? ಅಂತೆಯೇ ಪ್ರತಿಯೊಂದು ಧರ್ಮಕೇಂದ್ರವೂ ತನ್ನ ಕುಟುಂಬಗಳಲ್ಲಿರುವ ವೈದ್ಯರು, ದಾದಿಯರು, ನಿವೃತ್ತ ಆರೋಗ್ಯ ಸಿಬ್ಬಂದಿಯ ಪಟ್ಟಿಯೊಂದನ್ನು ಅವರ ಒಪ್ಪಿಗೆ ಪಡೆದು ಸಿದ್ಧಪಡಿಸಿ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಒಪ್ಪಿಸಬಹುದು. ದಾದಿಯರು ವೈದ್ಯರ ಸ್ಥಾನವನ್ನು ತುಂಬಲಾರರು. ಆದರೆ ವೈದ್ಯರ ಹೊರೆಯನ್ನು ಖಂಡಿತ ಇಳಿಸಬಲ್ಲರು. ಜ್ವರ ಹಬ್ಬಿದ ಮೇಲೆ ಹುಡುಕುವುದಕ್ಕಿಂತ ಇಂದೇ ಎಣಿಸಿಡುವುದು ಲೇಸು.